ಕಬ್ಬು ನಿಷಿದ್ಧ, ಕಬ್ಬಿಣ ಕಡ್ಡಾಯ

ಜೂನ್ 3, ಮಂಗಳವಾರ. ಬೆಳಿಗ್ಗೆ 5.40

ನುಂಗಿದೆ. ಹೋಯಿತು. ಗಂಟಲಲ್ಲಿ ಅರ್ಧ ದಾರಿ ನಿಂತು, ಯೋಚನೆ ಮಾಡಿ, ಆಮೇಲೆ ಹೋಯಿತು. ಮೇಲಿಂದ ಲಿಂಬೆ ಹಿಂಡಿದ ನೀರು. ಸಕ್ಕರೆ ಇಲ್ಲ. ಕುಡಿದ ಮೇಲೆ ಮುಖವೂ ಹಿಂಡಿದ ಲಿಂಬೆಯೇ.

ಇನ್ನು ಒಂದು ಗಂಟೆ ಟೀ ಇಲ್ಲ. ಟೀ ಬಿದ್ದರೆ ಮಾತ್ರೆಯ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ. ಕಬ್ಬಿಣಕ್ಕೆ ಖಾಲಿ ಹೊಟ್ಟೆ ಬೇಕು. ಸಕ್ಕರೆ ಕಾಯಿಲೆಗೆ ಖಾಲಿ ಹೊಟ್ಟೆ ಬೇಡ. ಕ್ಯಾಲ್ಸಿಯಂ ಮಾತ್ರೆ ಕಬ್ಬಿಣದ ಹತ್ತಿರ ಸುಳಿಯಬಾರದು. ಇವೆರಡೂ ಮಾತು ಬಿಟ್ಟ ಓರಗಿತ್ತಿಯರು, ಒಬ್ಬಳು ಬಂದರೆ ಇನ್ನೊಬ್ಬಳು ಎದ್ದು ಹೋಗುತ್ತಾಳೆ. ಹಾಲು ಕ್ಯಾಲ್ಸಿಯಂನ ತವರಿನ ಕಡೆಯದು, ಅದಕ್ಕೂ ಬಾಗಿಲು ಬಂದ್. ಕಿತ್ತಳೆ ರಸದ ಜೊತೆ ತೆಗೆದುಕೊಳ್ಳಿ ಎನ್ನುತ್ತದೆ ಕಬ್ಬಿಣದ ಚೀಟಿ. ಹಣ್ಣಿನ ರಸ ಮುಟ್ಟಬೇಡಿ ಎನ್ನುತ್ತದೆ ಸಕ್ಕರೆಯ ಚೀಟಿ. ಎರಡೂ ಒಂದೇ ಆಸ್ಪತ್ರೆಯವು, ಒಂದೇ ಪಿನ್ನು ಹೊಡೆದು ಕೊಟ್ಟಿದ್ದಾರೆ.

ನಮ್ಮ ಯಜಮಾನರು ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಅಂಟಿಸಿದ್ದಾರೆ. ಲಿಫ್ಟ್ ಮೆಕ್ಯಾನಿಕ್ ಅಲ್ಲವೇ, ಯಾವುದು ಯಾವ ಮಹಡಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಬಾಣದ ಗುರುತು ಹಾಕಿ ಬರೆಯುತ್ತಾರೆ. ನೀಲಿ ಬಾಣ ಕಬ್ಬಿಣ, ಕೆಂಪು ಬಾಣ ಇನ್ಸುಲಿನ್ನು, ಹಸಿರು ಬಾಣ ಊಟ. ನನಗೆ ಯಾವ ಬಣ್ಣವೂ ಇಲ್ಲ. ನಾನು ಬರೀ ಕಟ್ಟಡ.

ಡಾಕ್ಟರಮ್ಮ ಹೇಳಿದ್ದು ಚಿಕ್ಕದು. ರಕ್ತ ಏರಬೇಕು, ಸಕ್ಕರೆ ಇಳಿಯಬೇಕು. ಮಗು ಉಳಿಯಬೇಕು ಎನ್ನುವುದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಈಗ ಏಳನೇ ತಿಂಗಳು, ನನಗೆ ನಲವತ್ತನಾಲ್ಕು. ಹೋದ ಸಲದ್ದು ಐದಕ್ಕೇ ಮುಗಿದಿತ್ತು. ಅದರ ವಿಷಯ ಇಲ್ಲಿ ಬರೆಯುವುದಿಲ್ಲ ಎಂದು ಈ ಪುಸ್ತಕ ತಂದ ದಿನವೇ ತೀರ್ಮಾನ.

ಕಬ್ಬು ನಿಷಿದ್ಧ, ಕಬ್ಬಿಣ ಕಡ್ಡಾಯ —
ಉಬ್ಬಿದ ಹೊಟ್ಟೆಗೆ ಯಾರಿಟ್ಟರೀ ನ್ಯಾಯ?

ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದ್ದಕ್ಕೆ ಇಷ್ಟಾದರೂ ಪ್ರಯೋಜನ.

ಜೂನ್ 4, ಬುಧವಾರ. ಮಧ್ಯಾಹ್ನ, ಬೂತ್

ಎರಡು ಬಸ್ಸಿನ ನಡುವೆ ಬರೆಯುತ್ತಿದ್ದೇನೆ. ಬಸ್ ನಿಲ್ದಾಣದ ಗಾಜಿನ ಪೆಟ್ಟಿಗೆ, ಒಂದು ಫ್ಯಾನು, ಎರಡು ಸ್ಟೂಲು, ಒಂದು ಮೈಕು. ಹದಿನೆಂಟು ವರ್ಷದಿಂದ ಇಲ್ಲೇ ಕೂತು ಊರಿಗೆಲ್ಲ ದಾರಿ ಹೇಳುತ್ತಿದ್ದೇನೆ. ಪ್ರಯಾಣಿಕರ ಗಮನಕ್ಕೆ, ಪ್ರಯಾಣಿಕರ ಗಮನಕ್ಕೆ. ನನ್ನ ಗಮನಕ್ಕೆ ಯಾರೂ ಏನೂ ತಂದದ್ದಿಲ್ಲ.

ಹೊಸ ತೊಂದರೆ: ಹೊಟ್ಟೆ ಮೈಕಿನ ಗುಂಡಿಗೆ ತಾಗುತ್ತದೆ. ಅಗಲವಾದ ಗುಂಡಿ, ಮೇಜಿನ ಅಂಚಿನಲ್ಲೇ ಇದೆ. ಇವತ್ತು ಬೆಳಿಗ್ಗೆ ನಾನು ಬಿಟ್ಟ ನಿಟ್ಟುಸಿರು ಹನ್ನೆರಡೂ ಅಂಕಣಗಳಿಗೆ ಕೇಳಿಸಿತಂತೆ. ಮೈಕಣ್ಣ ಓಡಿ ಬಂದ. ನನಗಿಂತ ಸೀನಿಯರ್, ಹಗಲಿನ ಗದ್ದಲದ ಹೊತ್ತಿಗೆ ನಾವಿಬ್ಬರೂ ಸರದಿ. ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳುತ್ತದೆ.

"ಏನಮ್ಮಾ, ಯಾವ ಬಸ್ಸು ರದ್ದಾಯ್ತು?"

"ಯಾವ್ದೂ ಇಲ್ಲ. ಸುಮ್ನೆ ಉಸಿರು ಬಿಟ್ಟೆ."

"ನಾಲ್ಕನೇ ಅಂಕಣದಲ್ಲಿ ಒಬ್ರು ಅಳ್ತಾ ಕೂತವ್ರೆ. ಇನ್ಮೇಲೆ ಬಿಡೋ ಮುಂಚೆ ಒಂದ್ಮಾತು ಹೇಳು."

ಬಾಯಿ ತುಕ್ಕು ಹಿಡಿದ ಗೇಟು. ನುಂಗುವುದು ಬೆಳಿಗ್ಗೆ, ರುಚಿ ಮಾತ್ರ ಸಂಜೆಯವರೆಗೆ. ಗಂಟಲು ಗುಳಿಗೆ ಬಾಯಲ್ಲಿದ್ದರೆ ಸ್ವಲ್ಪ ವಾಸಿ. ಬೂತ್‌ನ ಹಳೆಯ ಪದ್ಧತಿ ಇದು, ಮೈಕಿನ ಪಕ್ಕ ಗುಳಿಗೆಯ ಡಬ್ಬಿ. ಅದು ಖಾಲಿಯಾಗಬಾರದು. ಪಾಳಿ ಬಿಟ್ಟುಕೊಡುವವರು ಬೀಗದ ಕೈ ಕೊಟ್ಟು ಡಬ್ಬಿ ಅಲ್ಲಾಡಿಸಿ ಸದ್ದು ಕೇಳಿಸಬೇಕು. ಸದ್ದು ಬಂದರೆ ಪಾಳಿ ಬದಲು. ನಮ್ಮ ಗಂಟಲು ಕೆಟ್ಟರೆ ಬಸ್ಸುಗಳು ತಬ್ಬಲಿ, ಮೈಕಣ್ಣನ ಮಾತು.

ಮಲಬದ್ಧತೆಯ ಬಗ್ಗೆ ಬರೆಯಬೇಕೆಂದಿದ್ದೆ. ಬಸ್ಸು ಬಂತು. ಅದಾದರೂ ಬಂತು.

ಜೂನ್ 7, ಶನಿವಾರ. ಸಂಜೆ

ಸಕ್ಕರೆ ಮತ್ತೆ ಜಾಸ್ತಿ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿದರೆ ಇನ್ನೂರರ ಹತ್ತಿರ. ಊಟದ ಡಬ್ಬಿಯಲ್ಲಿ ಇದ್ದದ್ದು ಎರಡು ಮೊಟ್ಟೆ, ಸೊಪ್ಪು, ಕಾಳು, ಹಿಡಿ ಅನ್ನ. ಅತ್ತೆಯೇ ಅಳೆದು ಹಾಕಿದ ಅನ್ನ.

ಮೀಟರು ಇವರ ಕೈಗೆ ಕೊಟ್ಟೆ. ಹಿಂದಕ್ಕೆ ಒತ್ತುತ್ತ ಹಳೆಯ ಅಂಕಿಗಳನ್ನೆಲ್ಲ ನೋಡಿದರು. ಕೆಟ್ಟ ಲಿಫ್ಟಿನ ಮುಂದೆ ನಿಂತಾಗಿನ ಮುಖವೇ.

"ಲಿಫ್ಟು ಸುಮ್ಸುಮ್ನೆ ಮೇಲೆ ಹೋಗಲ್ಲ. ಯಾರೋ ಗುಂಡಿ ಒತ್ತಿರ್ತಾರೆ."

"ನಾನು ಒತ್ತಿದೀನಿ ಅಂತಾನಾ?"

"ಹಾಗಂದ್ನಾ? ಒತ್ತಿರ್ತಾರೆ ಅಂದೆ."

"ಈ ಮನೇಲಿ ಇರೋ ಲಿಫ್ಟು ನಾನೊಬ್ಳೇ."

"ಬಾಯಿ ಕೆಟ್ಟಿರತ್ತೆ, ಏನೋ ತಿನ್ಬೇಕು ಅನ್ಸತ್ತೆ. ತಪ್ಪಲ್ಲ. ಏನು ತಿಂದೆ ಅಂತ ಹೇಳಿದ್ರೆ ಆಯ್ತು."

"ಏನೂ ತಿಂದಿಲ್ಲ."

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡಿ ಬಿಡುವುದು ಅವರ ಕೆಲಸವಾಗಿತ್ತು. ಕಾಲುಚೀಲದಲ್ಲಿ ಗುಂಡಿ ಬಚ್ಚಿಟ್ಟವರನ್ನು ನಡಿಗೆಯಲ್ಲೇ ಹಿಡಿಯುತ್ತಿದ್ದರಂತೆ. ನಿವೃತ್ತಿಯಾದದ್ದು ಕಾರ್ಖಾನೆಯಿಂದ, ಕೆಲಸದಿಂದ ಅಲ್ಲ. ನನ್ನ ಬ್ಯಾಗನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ, ಒಳಗಿನ ಹೊಲಿಗೆಯ ಮೇಲೆ ಬೆರಳು ಆಡಿಸಿದರು. ಮುಖದಲ್ಲಿ ದ್ವೇಷವೇನೂ ಇಲ್ಲ. ಹಲ್ಲುಜ್ಜುವವರ ಮುಖ.

ಅತ್ತೆ ಹುಡುಕಿದರು ಬ್ಯಾಗಿನ ತಳ,
ಸಿಕ್ಕಿತು ಪೆನ್ನು, ಬಾಚಣಿಗೆ, ತಳಮಳ.

ತಳಮಳ ನನ್ನದು. ಅದನ್ನೂ ವಾಪಸ್ಸು ಬ್ಯಾಗಿಗೇ ತುಂಬಿ ಇಟ್ಟರು.

ಜೂನ್ 8, ಭಾನುವಾರ

ರಜೆ. ಇಡೀ ದಿನ ಮನೆ. ಸಕ್ಕರೆ ಬೆಳಿಗ್ಗೆ ಸರಿ, ಮಧ್ಯಾಹ್ನ ಸರಿ, ಸಂಜೆ ಸರಿಗಿಂತ ತುಸು ಕೆಳಗೆ. ಕೈ ಒಂಚೂರು ನಡುಗಿತು, ಬಿಸ್ಕತ್ತು ಕೊಟ್ಟರು.

ಒಳ್ಳೆಯ ಸುದ್ದಿ ಎಂದುಕೊಂಡೆ. ಅತ್ತೆ ಅದನ್ನು ಸಾಕ್ಷಿ ಎಂದುಕೊಂಡರು.

"ನೋಡ್ದ್ಯಾ? ನನ್ನ ಕಣ್ಮುಂದೆ ಇದ್ರೆ ಸರಿ ಇರತ್ತೆ. ಹೊಸ್ತಿಲು ದಾಟಿದ್ರೆ ಏರತ್ತೆ."

"ಹೊಸ್ತಿಲಲ್ಲಿ ಸಕ್ಕರೆ ಇರ್ಬೇಕು ಅತ್ತೆ."

"ಹಾಸ್ಯ ಮಾಡ್ಬೇಡ. ನಿಂಗೆ ಹಾಸ್ಯ ಬಂದಾಗೆಲ್ಲ ಏನೋ ಮುಚ್ಚಿಡ್ತಿದೀಯ ಅಂತ ಗೊತ್ತಾಗತ್ತೆ."

ಇದು ನಿಜ. ಆದರೆ ನಾನು ಮುಚ್ಚಿಟ್ಟದ್ದು ಸಿಟ್ಟು. ಅದಕ್ಕೆ ಅವರ ತಪಾಸಣೆಯಲ್ಲಿ ಖಾನೆ ಇಲ್ಲ.

ಜೂನ್ 10, ಮಂಗಳವಾರ. ಆಸ್ಪತ್ರೆಯಿಂದ ಬಂದು

ಡಾಕ್ಟರಮ್ಮ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ತಿರುಗಿ ಸಿಟ್ಟು ಮಾಡಬಹುದಿತ್ತು.

"ಹಿಮೋಗ್ಲೋಬಿನ್ನು ಏರ್ತಾ ಇದೆ, ನಿಧಾನ. ಮಾತ್ರೆ ಬಿಡ್ಬೇಡಿ. ಸಕ್ಕರೆ ಮಾತ್ರ ಅರ್ಥ ಆಗ್ತಿಲ್ಲ. ಕೆಲಸದ ದಿನ ಜಾಸ್ತಿ, ರಜೆ ದಿನ ಸರಿ. ಟೆನ್ಶನ್ ಇದ್ರೂ ಸ್ವಲ್ಪ ಏರತ್ತೆ, ಆದ್ರೆ ಇಷ್ಟಲ್ಲ. ಹೊರಗಡೆ ಏನಾದ್ರೂ ತಿಂತಿದ್ರೆ ಹೇಳಿ. ನಂಗೇನೂ ಬೇಜಾರಿಲ್ಲ. ಡೋಸು ಅದನ್ನ ನೋಡಿ ಇಡ್ಬೇಕು, ಅದಕ್ಕೆ ಕೇಳ್ತಿರೋದು."

"ಏನೂ ತಿನ್ನಲ್ಲ ಮೇಡಂ."

ಇವರು ನೆಲ ನೋಡಿದರು. ಅತ್ತೆ ನನ್ನ ದವಡೆ ನೋಡಿದರು.

ಇನ್ಸುಲಿನ್ನು ಏರಿಸಿದರು. ಸ್ಕ್ಯಾನಿನಲ್ಲಿ ಮಗು ತಿಂಗಳಿಗೆ ಮೀರಿ ದಪ್ಪ. ಹಾಗಾಗಬಾರದಂತೆ. ನನ್ನ ಸಕ್ಕರೆಯೆಲ್ಲ ಅದಕ್ಕೆ ಹೋಗುತ್ತದೆ, ಹುಟ್ಟುವಾಗ ಕಷ್ಟ, ಹುಟ್ಟಿದ ಮೇಲೂ ಕಷ್ಟ. ಎರಡು ವಾರ ನೋಡುತ್ತಾರೆ. ಹೀಗೇ ಇದ್ದರೆ ಹೆರಿಗೆಯವರೆಗೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ.

ಸಕ್ಕರೆ ಏರಿತು, ಏರಿತು ಸೂಜಿ,
ಮನೆಯಲ್ಲಿ ಮೂವರು, ಯಾರಿಗೂ ಇಲ್ಲ ರಾಜಿ.

ವಾಪಸ್ಸು ಬರುವ ದಾರಿ. ಸಿಗ್ನಲ್ಲಿನಲ್ಲಿ ಇವರು ಕೇಳಿದರು, "ಐಸ್‌ಕ್ರೀಮ್ ಅಂಗ್ಡಿ ಬಸ್‌ಸ್ಟ್ಯಾಂಡ್ ಒಳಗಿದ್ಯಾ, ಹೊರಗಿದ್ಯಾ?" ಮುಖ ಆ ಕಡೆ ತಿರುಗಿಸಿದೆ. ಒಳಗಿದೆ. ಹದಿನೆಂಟು ವರ್ಷದಿಂದ ಅದರ ಎದುರಿಗೇ ಕೂತಿದ್ದೇನೆ. ಈ ಏಳು ತಿಂಗಳಲ್ಲಿ ಒಂದು ಚಮಚ ಮುಟ್ಟಿಲ್ಲ. ಯಾರಾದರೂ ಒಬ್ಬರು ನಂಬಬಾರದೇ?

ಜೂನ್ 16, ಸೋಮವಾರ

ಬರೆಯುವ ಮನಸ್ಸಿರಲಿಲ್ಲ. ಬರೆದಿದ್ದರೆ ಕಾಗದ ಹರಿಯುತ್ತಿತ್ತು.

ಕ್ಯಾಂಟೀನಿನವನು ಇವತ್ತು ಬಿಸಿನೀರು ಕೊಡುತ್ತ ಕೇಳಿದ, "ಮೇಡಂ, ನಿಮ್ಮೆಜಮಾನ್ರು ಬಂದಿದ್ರು. ನೀವು ಇಲ್ಲಿ ಏನ್ ತಿಂತೀರ ಅಂತ ವಿಚಾರಿಸ್ತಿದ್ರು. ಏನಾದ್ರೂ ತೊಂದ್ರೆನಾ?"

"ನೀನೇನಂದೆ?"

"ಬಿಸಿನೀರು ಬಿಟ್ರೆ ಏನೂ ಇಲ್ಲ ಅಂದೆ. ನಂಬ್ಲಿಲ್ಲ ಅನ್ಸತ್ತೆ. ಐಸ್‌ಕ್ರೀಮ್ ಅಂಗ್ಡಿ ಕಡೆ ಹೋದ್ರು."

ಮನೆಗೆ ಬಂದು ಕೂಗಾಡಿದೆ. ಮೈಕಿಲ್ಲದೆ ಕೂಗಿ ಅಭ್ಯಾಸವಿಲ್ಲ, ಗಂಟಲು ಕೆಟ್ಟಿತು. ಬಸ್‌ಸ್ಟ್ಯಾಂಡಿನ ತುಂಬ ನನ್ನನ್ನು ಕಳ್ಳಿ ಮಾಡಿದಿರಿ ಎಂದೆ. ಬೆಳಿಗ್ಗೆ ಕಬ್ಬಿಣ ನುಂಗುವವಳು ನಾನು, ಹೊಟ್ಟೆ ಕಲ್ಲಾಗಿ ಕಕ್ಕಸಿನಲ್ಲಿ ಅರ್ಧ ಗಂಟೆ ಕೂರುವವಳು ನಾನು, ಚುಚ್ಚಿಕೊಳ್ಳುವವಳು ನಾನು, ಬೆರಳ ತುದಿಯೆಲ್ಲ ಜರಡಿ. ನಿಮ್ಮದೇನು, ಬಾಣ ಬರೆಯುವುದು. ಫ್ರಿಜ್ಜಿನ ಮೇಲಿನ ವೇಳಾಪಟ್ಟಿ ಕಿತ್ತು ಹಾಕಿದೆ.

ಇವರು ಬಗ್ಗಿ ಅದನ್ನು ಎತ್ತಿಕೊಂಡರು. ಮೆಲ್ಲಗೆ ಹೇಳಿದರು, "ಹೋದ್ಸಲ ನಾನು ಏನೂ ಕೇಳ್ಲಿಲ್ಲ. ಎಲ್ಲ ಸರಿ ಇದೆ ಅಂತ ನೀನಂದೆ, ನಾನೂ ಹೂಂ ಅಂದೆ."

ಅದರ ವಿಷಯ ಬರೆಯುವುದಿಲ್ಲ ಎಂದಿದ್ದೆ.

ವೇಳಾಪಟ್ಟಿ ಮತ್ತೆ ಫ್ರಿಜ್ಜಿನ ಮೇಲಿದೆ. ಟೇಪು ಹಾಕಿದ್ದಾರೆ. ನೀಲಿ ಬಾಣ ಎರಡು ತುಂಡು.

ಜೂನ್ 19, ಗುರುವಾರ. ಮಧ್ಯಾಹ್ನ

ಅಕ್ಷರ ಸೊಟ್ಟ ಬರುತ್ತಿದೆ. ಸಕ್ಕರೆ ಇಳಿದು ಅಲ್ಲ, ಅವಮಾನಕ್ಕೆ. ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಅತ್ತೆ ನನ್ನ ಜೊತೆಗೇ ಹೊರಟರು. ಊಟದ ಡಬ್ಬಿ, ನೀರಿನ ಬಾಟಲು, ಅವರ ಕನ್ನಡಕ. "ನಂಗೂ ಮನೇಲಿ ಬೇಜಾರು." ನಿಲ್ದಾಣದ ಕಂಟ್ರೋಲರ್ ಸಾಹೇಬರ ಹತ್ತಿರ ಅನುಮತಿ ಕೇಳಿದ ರೀತಿ ನೋಡಿದರೆ, ಅನುಮತಿ ಕೊಟ್ಟದ್ದು ಸಾಹೇಬರೋ ಅತ್ತೆಯೋ ತಿಳಿಯಲಿಲ್ಲ. ಎರಡನೇ ಸ್ಟೂಲಿನಲ್ಲಿ ಕೂತರು. ಮೈಕಣ್ಣ ನಿಂತೇ ಇದ್ದ.

ಹತ್ತು ಗಂಟೆಯವರೆಗೆ ಹೀಗೇ. ನಾನು ಕೂಗುತ್ತಿದ್ದೆ, ಅವರು ನೋಡುತ್ತಿದ್ದರು. ಸೋಮವಾರ ಕೆಟ್ಟ ಗಂಟಲು ಇನ್ನೂ ಸರಿಯಿಲ್ಲ. ಎರಡನೇ ಅಂಕಣದ ಬಸ್ಸು ಕೂಗಿ ಮುಗಿಸಿ, ಬೆನ್ನು ನೋವೆಂದು ಮುಂದಕ್ಕೆ ಬಾಗಿದೆ.

"ಬಾಯಲ್ಲೇನೇ ಅದು?"

"ಏನಿಲ್ಲ ಅತ್ತೆ."

"ಬಾಯಿ ತೆಗಿ."

"ಏನಿಲ್ಲ ಅಂದ್ನಲ್ಲ."

"ಎಡಗಡೆ ಕೆನ್ನೆ. ಉಬ್ಬಿದೆ. ತೆಗಿ ಅಂದೆ."

"ಅಯ್ಯೋ, ಇದಾ. ಗಂಟಲು ಗುಳಿಗೆ."

ಅತ್ತೆ ಡಬ್ಬಿಗೆ ಕೈ ಹಾಕಿ ಒಂದನ್ನು ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು. ಚೀಪಿದರು. ಕಣ್ಣು ಮುಚ್ಚಿದರು.

"ಇದು ಸಿಹಿ."

"ಹೂಂ, ಸ್ವಲ್ಪ..."

"ಸ್ವಲ್ಪ ಅಲ್ಲ. ಸಕ್ಕರೆ ಉಂಡೆಗೆ ಪುದೀನ ತೋರ್ಸಿದಾರೆ. ದಿನಕ್ಕೆ ಎಷ್ಟು ತಿಂತೀಯ?"

"ತಿನ್ನಲ್ಲ ಅತ್ತೆ. ಚೀಪ್ತೀನಿ."

ಈ ಕೊನೆಯ ಮಾತು ಎರಡು ಸಲ ಕೇಳಿಸಿತು. ಒಮ್ಮೆ ಬೂತಿನ ಒಳಗೆ, ಒಮ್ಮೆ ಹೊರಗಿನಿಂದ. ತಲೆ ಎತ್ತಿದೆ. ಗಾಜಿನ ಆಚೆ ಹನ್ನೆರಡು ಅಂಕಣಗಳ ಮುಖಗಳೂ ಈ ಕಡೆ. ಹೊಟ್ಟೆ ಗುಂಡಿಯ ಮೇಲಿತ್ತು. ಎಷ್ಟು ಹೊತ್ತಿನಿಂದ ಇತ್ತೋ. ಮೈಕಣ್ಣ ಕೈ ಚಾಚಿ ನನ್ನ ಸ್ಟೂಲನ್ನು ಹಿಂದಕ್ಕೆ ಎಳೆದ. ಐದನೇ ಅಂಕಣದಿಂದ ಒಬ್ಬ ಡ್ರೈವರು "ಬಾಯಿ ತೆಗಿ" ಎಂದು ಕೂಗಿದ. ಅವನ ಕಂಡಕ್ಟರು ತೆಗೆದ.

ಸಂಜೆ 6.15

ಡಬ್ಬಿಯ ಹಿಂಭಾಗ ಓದಿದೆ. ಹದಿನೆಂಟು ವರ್ಷ ಮೈಕಿನ ಪಕ್ಕದಲ್ಲಿದ್ದದ್ದು, ಕೈಗೆ ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದುವವಳು ನಾನು, ಇದನ್ನೊಂದು ಓದಿರಲಿಲ್ಲ. ಮೊದಲನೇ ಪದ ಸಕ್ಕರೆ. ಎರಡನೆಯದು ಗ್ಲೂಕೋಸು. ಗಂಟಲಿನ ಔಷಧಿ ಸಾಲಿನ ಕೊನೆಯಲ್ಲಿ, ಮದುವೆಗೆ ತಡವಾಗಿ ಬಂದ ನೆಂಟನಂತೆ.

ಮೊದಲೆಲ್ಲ ದಿನಕ್ಕೆ ನಾಲ್ಕೈದು ಇದ್ದಿರಬಹುದು. ಕಬ್ಬಿಣ ಶುರುವಾದ ಮೇಲೆ ಬಾಯಿ ತುಕ್ಕು ಎಂದು ಒಂದು ಕರಗುವುದರೊಳಗೆ ಇನ್ನೊಂದು. ಲೆಕ್ಕ ಇಟ್ಟವರು ಯಾರು? ಬೇಸಗೆಯಲ್ಲಿ ಫ್ಯಾನು ಹಾಕಿದ್ದಕ್ಕೆ ಲೆಕ್ಕ ಇಡುತ್ತೇವಾ?

ಸುಳ್ಳು ಹೇಳಿರಲಿಲ್ಲ. ಏನೂ ತಿಂದಿಲ್ಲ ಎಂದ ದಿನಗಳಲ್ಲೂ ಬೂತಿನಲ್ಲಿ ಬಾಯಲ್ಲಿ ಗುಳಿಗೆ ಇತ್ತು, ಆದರೂ ಸುಳ್ಳು ಹೇಳಿರಲಿಲ್ಲ. ಇದನ್ನು ಯಾರಿಗೆ ಹೇಗೆ ಬಿಡಿಸಿ ಹೇಳುವುದು?

ಮನೆಗೆ ಬಂದ ಮೇಲೆ ಅತ್ತೆ ಬಾಯಿ ಬಿಡಲಿಲ್ಲ. ಇವರು ಟೂಲ್ ಬ್ಯಾಗು ಇಳಿಸುತ್ತ ಕೇಳಿದರು, "ಹೇಗಿತ್ತಮ್ಮ ಬಸ್‌ಸ್ಟ್ಯಾಂಡು?" "ಗದ್ದಲ," ಎಂದರು, ಅಷ್ಟೇ. ಅಡುಗೆಮನೆಯಲ್ಲಿ ನನ್ನ ಪಕ್ಕಕ್ಕೆ ಬಂದು, "ನಾನು ಹೇಳಲ್ಲ. ಸಿಕ್ಕಿದ್ದನ್ನ ಸಿಕ್ಕಿಬಿದ್ದೋರ ಕೈಯಿಂದ್ಲೇ ಮೇಜಿನ ಮೇಲೆ ಇಡ್ಸೋದು ನಮ್ಮ ಗೇಟಿನ ರೂಲು. ಇವತ್ತೇ ಹೇಳು."

ಹೇಳಲಿಲ್ಲ. ಮೂರು ವಾರ ನಿರಪರಾಧಿಯಾಗಿ ಬದುಕಿದ್ದೇನೆ, ಅಭ್ಯಾಸವಾಗಿದೆ. ಸೋಮವಾರ ಅಷ್ಟು ಕೂಗಾಡಿದ ಬಾಯಲ್ಲಿ ಏನೆಂದು ಹೇಳಲಿ. ಗುಳಿಗೆ ಬಿಟ್ಟುಬಿಟ್ಟರೆ ಸಕ್ಕರೆ ತಾನಾಗಿ ಇಳಿಯುತ್ತದೆ. ಮಂಗಳವಾರ ಡಾಕ್ಟರಮ್ಮ ಮೆಚ್ಚುತ್ತಾರೆ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಜೂನ್ 20, ಶುಕ್ರವಾರ. ಸಂಜೆ

ಗುಳಿಗೆ ಇಲ್ಲದ ಮೊದಲ ದಿನ. ನಾಲಿಗೆ ಹಳೆಯ ಬೀಗ. ಧ್ವನಿ ಒಡೆದು, ಒಂಬತ್ತನೇ ಅಂಕಣ ಎಂದರೆ ಒಂದನೇ ಅಂಕಣ ಎಂದು ಕೇಳಿಸಿ ಅರ್ಧ ಬಸ್ಸು ಜನ ಆ ಕಡೆ ಓಡಿದರು. ನಿಲ್ದಾಣದಲ್ಲಿ ನನ್ನನ್ನು ಕಂಡವರೆಲ್ಲ ಕೆನ್ನೆ ಮುಟ್ಟಿಕೊಂಡು ನಗುತ್ತಾರೆ.

ಸಕ್ಕರೆ ಮಧ್ಯಾಹ್ನ ಚೆನ್ನಾಗಿತ್ತು. ಸಂಜೆ ಎಪ್ಪತ್ತು. ಸ್ವಲ್ಪ ಬೆವರು. ಬಿಸ್ಕತ್ತು ತಿಂದೆ.

ಅತ್ತೆ: "ಹೇಳ್ದ್ಯಾ?"

"ಹೇಳ್ತೀನಿ."

"ಏರಿಸಿರೋ ಸೂಜಿ ಹಂಗೇ ಚುಚ್ಕೋತಿದೀಯಲ್ಲೇ. ಅದು ಸಕ್ಕರೆ ಇದೆ ಅಂತ ಲೆಕ್ಕ ಹಾಕಿ ಕೊಟ್ಟಿರೋದು."

"ಗೊತ್ತು ಅತ್ತೆ. ನಾಳೆ."

ಗೊತ್ತಿತ್ತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಜೂನ್ 22, ಭಾನುವಾರ. ಬೆಳಿಗ್ಗೆ

ಆಸ್ಪತ್ರೆಯ ಹಾಸಿಗೆ. ಇವರು ಪುಸ್ತಕ ತಂದುಕೊಟ್ಟರು, ಓದಿಲ್ಲ ಎಂದರು. ನಂಬಿದೆ. ನಂಬುವುದು ಇಷ್ಟು ಸುಲಭ, ಈ ಮೂರು ವಾರ ಅದನ್ನೇ ಅವರಿಂದ ಬೇಡುತ್ತಿದ್ದೆ.

ನಿನ್ನೆ ನಾಲ್ಕರ ಸುಮಾರು. ಮೂರನೇ ಅಂಕಣದ ಬಸ್ಸು ಕೂಗಲು ಮೈಕು ಒತ್ತಿದೆ. ಪ್ರಯಾಣಿಕರ ಗಮನಕ್ಕೆ — ಆಮೇಲೆ ಮಾತು ಸಿಗಲಿಲ್ಲ. ಮಾತು ಇತ್ತು, ಗಾಜಿನ ಆಚೆ ಇತ್ತು. ಅಂಗೈ ಬೆವರಿ ಗುಂಡಿ ಜಾರಿತು. ಮೈಕಣ್ಣ "ಏನಮ್ಮಾ, ಏನಮ್ಮಾ" ಎನ್ನುವುದು ದೂರದ ಅಂಕಣದಿಂದ ಕೇಳಿಸಿತು. ಅವನೇ ಡಬ್ಬಿ ಮುಚ್ಚಳ ತೆಗೆದು ನನ್ನ ಬಾಯಿಗೆ ಗುಳಿಗೆ ಹಾಕಿದ. "ಕಡಿ. ಚೀಪ್ಬೇಡ, ಕಡಿ." ಮತ್ತೆ ಒಂದು. ಮತ್ತೆ. ಕರುಂ ಕರುಂ ಎಂದು ಕಡಿದೆ. ಮೈಕು ತೆರೆದೇ ಇತ್ತಂತೆ. ನಿಲ್ದಾಣದಲ್ಲಿ ಈ ಸಲ ಯಾರೂ ನಗಲಿಲ್ಲವಂತೆ.

ಬೇಡವೆಂದು ಬಿಟ್ಟದ್ದೇ ಬಾಯಿಗೆ ಬಂತು. ಕೈ ಸ್ಥಿರವಾಯಿತು. ಆಮೇಲೆ ಗಮನಿಸಿದೆ — ಮಗು ಅಲ್ಲಾಡುತ್ತಿಲ್ಲ. ದಿನಾ ಆ ಹೊತ್ತಿಗೆ ಒದೆಯುತ್ತದೆ, ಸಂಜೆಯ ಬಸ್ಸಿನ ಸಾಲು ಶುರುವಾಗುವಾಗ. ಕೈ ಇಟ್ಟೆ. ಇಲ್ಲ. ಪಕ್ಕಕ್ಕೆ ತಿರುಗಿದೆ. ಇಲ್ಲ.

ಮೈಕಣ್ಣನ ಫೋನಿಗೆ ಇವರು ಟೂಲ್ ಬ್ಯಾಗಿನ ಸಮೇತ ಬಂದರು, ಯಾವುದೋ ಲಿಫ್ಟನ್ನು ಅರ್ಧಕ್ಕೇ ಬಿಟ್ಟು. ಆಟೋದಲ್ಲಿ ಹೇಳಿದೆ. ಎಲ್ಲ ಹೇಳಿದೆ. ಡಬ್ಬಿ, ಕೆನ್ನೆ, ಅತ್ತೆ, ಗುರುವಾರ, ಶುಕ್ರವಾರ. ಇವರು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೇಳಿದರು. ಕೈಯಲ್ಲಿ ಗ್ರೀಸ್ ಇತ್ತು, ನನ್ನ ಬಟ್ಟೆಯ ಮೇಲೆ ಐದು ಬೆರಳೂ ಮೂಡಿವೆ.

ನರ್ಸು ಹೊಟ್ಟೆಗೆ ಎದೆಬಡಿತ ಕೇಳುವ ಪಟ್ಟಿ ಬಿಗಿದಳು. ಮೊದಲು ಬರೀ ಗರಗರ, ನಮ್ಮ ಹಳೆಯ ಸ್ಪೀಕರಿನಂತೆ. ಆಮೇಲೆ ಟಕಟಕ ಟಕಟಕ. ಜೋರಾಗಿ. ಅವಸರದಲ್ಲಿ. ಬಸ್ಸು ತಪ್ಪೀತು ಎಂದು ಓಡುವವರ ಚಪ್ಪಲಿ ಸದ್ದು.

ಇವರು ಗೋಡೆಯ ಕಡೆ ತಿರುಗಿ ನಿಂತರು. ಬಹಳ ಹೊತ್ತು ಆ ಗೋಡೆಯಲ್ಲಿದ್ದ ಸ್ವಿಚ್ ಬೋರ್ಡು ಪರೀಕ್ಷಿಸಿದರು.

ಡಾಕ್ಟರಮ್ಮ ಬಂದು ಎಲ್ಲ ಕೇಳಿದ ಮೇಲೆ, "ಅದನ್ನ ಔಷಧಿ ಅಂತ ಅನ್ಕೊಂಡಿದ್ರಾ?"

"ಇಲ್ಲ ಮೇಡಂ. ಸಲಕರಣೆ ಅಂತ."

ಆಕೆ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಇನ್ಸುಲಿನ್ನು ಹಳೆಯ ಡೋಸಿಗೆ ಇಳಿಸಿದ್ದಾರೆ. ಗುರುವಾರವೇ ಒಂದು ಫೋನು ಮಾಡಿದ್ದರೆ ಸಾಕಿತ್ತು ಎಂದರು. ಆಗ ನಗಲಿಲ್ಲ.

ಸಂಜೆ

ಇವರು ಕೊನೆಗೂ ಮಾತಾಡಿದರು. ಕಿಟಕಿ ಕಡೆ ನೋಡುತ್ತ.

"ಕ್ಯಾಂಟೀನಿಗೆ ಹೋಗ್ಬಾರ್ದಿತ್ತು ನಾನು."

"ಹೂಂ."

"ಬೂತಿಗೇ ಬರ್ಬೇಕಿತ್ತು. ಡಬ್ಬಿ ಮೈಕಿನ ಪಕ್ಕದಲ್ಲೇ ಇತ್ತಲ್ಲ."

"ನಾನೂ ಅದರ ಪಕ್ಕದಲ್ಲೇ ಇದ್ದೆ."

ಇಷ್ಟಕ್ಕೆ ರಾಜಿಯಾಯಿತೇ ಗೊತ್ತಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ. ಯಾರ ಮೇಲೆ ಎನ್ನುವುದು ಮಾತ್ರ ಕಲಸಿಹೋಗಿದೆ. ಬಯ್ಯಲು ಕೂತರೆ ಮೊದಲು ನನ್ನಿಂದಲೇ ಶುರು ಮಾಡಬೇಕು, ಅಷ್ಟು ಪುರುಸೊತ್ತಿಲ್ಲ.

ಜೂನ್ 27, ಶುಕ್ರವಾರ. ಬೆಳಿಗ್ಗೆ 9, ಬೂತ್

ಇವತ್ತಿನಿಂದ ಮತ್ತೆ ಕೆಲಸಕ್ಕೆ. ಅರ್ಧ ದಿನ ಮಾತ್ರ.

ಬೆಳಿಗ್ಗೆ ನುಂಗಿದೆ. ಎಂದಿನಂತೆ ಅರ್ಧ ದಾರಿ ನಿಂತು ಹೋಯಿತು. ರಕ್ತ ಏರಿದೆ, ಇನ್ನೂ ಏರಬೇಕು. ಹೆರಿಗೆಯಾದ ಮೇಲೂ ಕೆಲವು ತಿಂಗಳು ನುಂಗಬೇಕಂತೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಸಕ್ಕರೆ ನಾಲ್ಕು ದಿನದಿಂದ ಸಭ್ಯ.

ಮೈಕಣ್ಣ ಡಬ್ಬಿಯನ್ನು ಕಿಟಕಿಯ ಮೇಲಿನ ಹಲಗೆಗೆ ಏರಿಸಿದ್ದಾನೆ. ಪಾಳಿ ಕೊಡುವಾಗ ಈಗ ಅಲ್ಲಾಡಿಸುವುದು ನೀರಿನ ಬಾಟಲು. ಸದ್ದು ಅಷ್ಟು ಚೆನ್ನಾಗಿಲ್ಲ. ಮೈಕಿನ ಗುಂಡಿಯ ಸುತ್ತ ಇವರು ನಿನ್ನೆ ಬಂದು ತಗಡಿನ ಸಣ್ಣ ಬೇಲಿ ಹಾಕಿ ಹೋಗಿದ್ದಾರೆ. ಲಿಫ್ಟಿನ ತುರ್ತು ಗುಂಡಿಗೆ ಹಾಕುವಂಥದ್ದು. ನನ್ನ ನಿಟ್ಟುಸಿರು ಇನ್ನು ನನ್ನದೇ.

ಹೊರಡುವಾಗ ಅತ್ತೆ ಬ್ಯಾಗು ತಪಾಸಣೆ ಮಾಡಿದರು. ಬಿಡುತ್ತಾರೆ ಎಂದುಕೊಂಡಿದ್ದೆ, ಬಿಡಲಿಲ್ಲ. ತಲೆಕೆಳಗು ಮಾಡಿ, ಹೊಲಿಗೆ ಸವರಿ, ಎಲ್ಲ ವಾಪಸ್ಸು ತುಂಬಿ ಕೊಟ್ಟರು. ನಾನೂ ಮುಖ ಗಂಟು ಹಾಕಿಕೊಂಡೇ ಬಂದೆ. ಈಗ ಪೆನ್ನಿಗೆ ಕೈ ಹಾಕಿದರೆ ಪಕ್ಕದ ಜೇಬಿನಲ್ಲಿ ಏನೋ ಗಟ್ಟಿ. ಅವರ ಕರವಸ್ತ್ರ. ಒಳಗೆ ಗಂಟಲು ಗುಳಿಗೆ, ಐದಾರು. ನಡುಕ ಬಂದರೆ ಇರಲಿ ಎಂದು.

ಆ ಗೇಟಿನಲ್ಲಿ ಅಷ್ಟು ವರ್ಷ ಬ್ಯಾಗಿನಿಂದ ತೆಗೆದವರೇ. ಒಳಗೆ ಇಟ್ಟದ್ದು ಇದೇ ಮೊದಲಿರಬೇಕು.

ಆದರೆ ಗಂಟು ಹಾಕಿದ್ದು ನೋಡಬೇಕು. ಒಂದರ ಮೇಲೊಂದು, ಕಾರ್ಖಾನೆಯ ಮೂಟೆ ಬಿಗಿದ ಹಾಗೆ. ನಡುಗುವ ಕೈಯಲ್ಲಿ ಇದನ್ನು ಬಿಚ್ಚುವಷ್ಟರಲ್ಲಿ ನನ್ನ ಕಥೆ ಮುಗಿದಿರುತ್ತದೆ. ಈಗಲೇ ಬಿಚ್ಚಿ ಸಡಿಲ ಕಟ್ಟಿಡುತ್ತೇನೆ. ಉಗುರು ಹಾಕಿದೆ. ಮೊದಲನೆಯದು ಬಂತು. ಮಗು ಒದೆಯುತ್ತಿದೆ, ಅದಕ್ಕೂ ಅವಸರ. ಎರಡನೆಯದು ಬಂತು. ಇನ್ನು ಒಂದೇ, ಇದನ್ನು ಹಲ್ಲಿನಿಂದಲೇ —

ತಡಿ, ಮೂರನೇ ಅಂಕಣಕ್ಕೆ ಬಸ್ಸು